ಕೋಡಿಗೂ ಕೌಂಟರಿಗೂ ನಡುವೆ

ಕೊಪ್ಪಳ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಏರಿದ ಕಥೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹುದ್ದೆಯ ನಿಜವಾದ ಕೆಲಸ ಕಾಣುತ್ತದೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿದಾಗ ಅದರ ಪಾಲಿಗೆ ಬಂದದ್ದು ಈ ನಾಲ್ಕೇ ತಾಲ್ಲೂಕು. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆ ಕಂಡ ಭತ್ತದ ನೆಲ. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಕಡಲೆಯ ಸೀಮೆ. ಕೊಪ್ಪಳ ತಾಲ್ಲೂಕಿನಲ್ಲಿ ಒಂದಿಷ್ಟು ಹೊಲ ಅಣೆಕಟ್ಟೆಯ ಹಿನ್ನೀರಿಗೆ ಹೋಯಿತು, ಇನ್ನಷ್ಟು ಗಿಣಿಗೇರಿ ಸುತ್ತಿನ ಕಾರ್ಖಾನೆಗಳಿಗೆ ಹೋಯಿತು. ಎರಿಯಾಗಲಿ ಮಸಾರಿಯಾಗಲಿ, ಹೊಲ ತನ್ನದೆಂದು ತೋರಿಸಲು ರೈತನಿಗೆ ಬೇಕಾದ ಕಾಗದ ಒಂದೇ: ಪಹಣಿ. ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲು ಅದು ಬೇಕು, ಕೋರ್ಟಿನಲ್ಲಿ ಜಾಮೀನು ನಿಲ್ಲಲು ಅದು ಬೇಕು, ಬರಪರಿಹಾರಕ್ಕೆ, ಅಣ್ಣತಮ್ಮಂದಿರ ವಾಟಣಿಗೆ, ಹೊಲ ಮಾರುವುದಕ್ಕೂ ಅದೇ ಬೇಕು.

2000ನೇ ಇಸವಿಯವರೆಗೆ ಆ ಕಾಗದ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು. ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಲೆಕ್ಕಿಗರು ಇವತ್ತು ಯಾವ ಊರಲ್ಲಿ ಸಿಗುತ್ತಾರೆ ಎಂದು ತಿಳಿಯುವುದೇ ರೈತನಿಗೆ ಮೊದಲ ಕೆಲಸ. ಸಿಕ್ಕ ಮೇಲೆ ಅವರು ವಹಿ ತೆಗೆದು ಸರ್ವೇ ನಂಬರ್ ಹುಡುಕಿ ನಕಲು ಬರೆದುಕೊಡಬೇಕು. ಅದಕ್ಕೆ ಮೂರು ದಿನವೂ ಹಿಡಿಯಬಹುದಿತ್ತು, ಮೂವತ್ತು ದಿನವೂ ಹಿಡಿಯಬಹುದಿತ್ತು. ವಹಿಯಲ್ಲಿ ಏನು ಬರೆದಿದೆ, ಯಾವಾಗ ತಿದ್ದಿದ್ದಾರೆ, ಯಾರು ತಿದ್ದಿದ್ದಾರೆ ಎಂಬುದನ್ನು ನೋಡುವ ದಾರಿ ಹೊರಗಿನವರಿಗೆ ಇರಲಿಲ್ಲ. ಓದು ಬರಹ ಬಲ್ಲವರು ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇದ್ದ ಜಿಲ್ಲೆಯಲ್ಲಿ ಇದರ ಭಾರ ಯಾರ ಮೇಲೆ ಬೀಳುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ನಂತರದ ಒಂದೆರಡು ವರ್ಷಗಳಲ್ಲಿ ಈ ನಾಲ್ಕೂ ಊರುಗಳ ತಹಶೀಲ್ದಾರ್ ಕಚೇರಿಗಳಲ್ಲಿ ಒಂದೊಂದು ಕಂಪ್ಯೂಟರ್ ಕೌಂಟರ್ ತೆರೆಯಿತು. 15 ರೂಪಾಯಿ ಕೊಟ್ಟು ಸರ್ವೇ ನಂಬರ್ ಹೇಳಿದರೆ ನಿಂತ ಜಾಗದಲ್ಲೇ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕರ್ನಾಟಕದ 177 ತಾಲ್ಲೂಕುಗಳಲ್ಲಿ, 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಒಳಗೊಂಡ ಆ ಯೋಜನೆಯ ಹೆಸರು ‘ಭೂಮಿ’. ತಂತ್ರಾಂಶ ಬರೆದವರು ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ ಎಂಜಿನಿಯರುಗಳು. ಕೋಡ್ ಬರೆಯುವವರು ಅದಕ್ಕೂ ಮೊದಲು ನಮ್ಮಲ್ಲಿದ್ದರು. ಕಂಪ್ಯೂಟರುಗಳಿದ್ದವು, ದುಡ್ಡೂ ಬಂದಿತ್ತು. ಆದರೂ ಇದೇ ಕೆಲಸ ಒಮ್ಮೆ ಸೋತಿತ್ತು. ಸೋತ ಯತ್ನಕ್ಕೂ ಗೆದ್ದ ಯತ್ನಕ್ಕೂ ನಡುವಿನ ವ್ಯತ್ಯಾಸವನ್ನು ಹುಡುಕಿದರೆ ಸಾಫ್ಟ್‌ವೇರ್ ಲೋಕದಲ್ಲಿ ತುಂಬ ಕೇಳಿಬರುವ, ಆದರೆ ಏನು ಕೆಲಸವೆಂದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ಒಂದು ಹುದ್ದೆಯ ಬಳಿಗೆ ಬಂದು ನಿಲ್ಲುತ್ತೇವೆ.

ಮೊದಲ ಯತ್ನ ಸೋತದ್ದೆಲ್ಲಿ

ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 1988–89ರಲ್ಲೇ ಆರಂಭಿಸಿತ್ತು. ಕರ್ನಾಟಕದಲ್ಲಿ ಅದರ ಪ್ರಯೋಗ ನಡೆದದ್ದು 1991ರಲ್ಲಿ, ಕೊಪ್ಪಳದವರಿಗೆ ಕಂದಾಯ ವಿಭಾಗದ ಕೇಂದ್ರವಾಗಿರುವ ಗುಲಬರ್ಗಾ ಜಿಲ್ಲೆಯಲ್ಲೇ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ವಹಿಗಳಲ್ಲಿದ್ದ ವಿವರಗಳನ್ನು ಟೈಪು ಮಾಡಿಸಿದರು. ಕಂಪ್ಯೂಟರುಗಳು ಜಿಲ್ಲಾ ಕೇಂದ್ರದಲ್ಲಿ ಕುಳಿತವು.

ಆದರೆ ಪಹಣಿ ಬದಲಾಗುವುದು ಜಿಲ್ಲಾ ಕೇಂದ್ರದಲ್ಲಲ್ಲ. ಅಪ್ಪ ತೀರಿಕೊಂಡು ಮಕ್ಕಳ ಹೆಸರಿಗೆ ವಾರಸಾ ಆಗುವುದು, ಹೊಲ ಮಾರಿದ ಮೇಲೆ ಖಾತೆ ಬದಲಾಗುವುದು, ಸಾಲ ತೆಗೆದರೆ ಬೋಜಾ ಕೂರುವುದು, ತೀರಿಸಿದರೆ ಬೋಜಾ ಇಳಿಯುವುದು, ಈ ಸಲ ಹೊಲದಲ್ಲಿ ಸಜ್ಜೆ ಇದೆಯೋ ತೊಗರಿ ಇದೆಯೋ ಎಂಬುದು ದಾಖಲಾಗುವುದು ಎಲ್ಲವೂ ಹಳ್ಳಿ ಮತ್ತು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡು ಆ ಯೋಜನೆಯಲ್ಲಿ ಇರಲೇ ಇಲ್ಲ. ಟೈಪು ಮುಗಿದ ದಿನದಿಂದಲೇ ಕಂಪ್ಯೂಟರಿನ ಪಹಣಿ ಹಳತಾಗತೊಡಗಿತು. ವಹಿ ಒಂದು ಹೇಳಿದರೆ ಯಂತ್ರ ಇನ್ನೊಂದು ಹೇಳುತ್ತಿತ್ತು. ಜನ ವಹಿಯನ್ನೇ ನಂಬಿದರು, ಯಂತ್ರ ಮೂಲೆಗೆ ಸರಿಯಿತು.

ಇಲ್ಲಿ ತಪ್ಪಿದ್ದು ತಂತ್ರಾಂಶದ ಒಂದು ಸಾಲಲ್ಲ. ‘ಇದನ್ನು ನಾಳೆ ಯಾರು ತಿದ್ದುತ್ತಾರೆ, ಎಲ್ಲಿ ಕುಳಿತು ತಿದ್ದುತ್ತಾರೆ?’ ಎಂಬ ಪ್ರಶ್ನೆಯನ್ನು ಕೆಲಸಕ್ಕೆ ಮೊದಲು ಕೇಳಿ, ಉತ್ತರ ಸಿಗುವವರೆಗೆ ಪಟ್ಟು ಹಿಡಿದು ಕೂರುವ ಒಬ್ಬ ವ್ಯಕ್ತಿ ಇರಲಿಲ್ಲ. ಪ್ರೋಗ್ರಾಮರಿಗೆ ವಹಿಸಿದ್ದು ಕೋಡು, ಟೈಪು ಮಾಡುವವರಿಗೆ ವಹಿಸಿದ್ದು ವಹಿ, ಅಧಿಕಾರಿಗೆ ವಹಿಸಿದ್ದು ವರದಿ. ಮೂವರೂ ತಂತಮ್ಮ ಪಾಲನ್ನು ಮುಗಿಸಿಯೂ ಒಟ್ಟು ಕೆಲಸ ಸೋಲಬಹುದು. ಸಾಫ್ಟ್‌ವೇರಿನ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

‘ಅಂದ್ರ ಏನ್ ಮಾಡ್ತಾನ?’

ಮಗ ಬೆಂಗಳೂರಿನ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆದ ಎಂದರೆ ಯಲಬುರ್ಗಾದ ಮನೆಯಲ್ಲಿ ಸಂತೋಷದ ಜೊತೆಗೇ ಬರುವ ಪ್ರಶ್ನೆ ಇದು: ‘ಅಂದ್ರ ಏನ್ ಮಾಡ್ತಾನ?’ ಕೋಡ್ ಬರೆಯುವುದಿಲ್ಲ, ಪರೀಕ್ಷೆ ಮಾಡುವವರು ಬೇರೆ ಇದ್ದಾರೆ, ಗ್ರಾಹಕರಿಗೆ ಮಾರುವವರೂ ಬೇರೆ. ಹಾಗಿದ್ದರೆ ಈ ಹುದ್ದೆಯ ಕೆಲಸವೇನು?

ಈ ಪ್ರಶ್ನೆ ಸಾಫ್ಟ್‌ವೇರ್ ಉದ್ಯಮದಷ್ಟೇ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನ್ಯಾಟೋ ಆಶ್ರಯದಲ್ಲಿ ಕಂಪ್ಯೂಟರ್ ತಜ್ಞರು ಸೇರಿ, ದೊಡ್ಡ ತಂತ್ರಾಂಶಗಳು ಏಕೆ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ, ಏಕೆ ಅಂದಾಜು ಮೀರಿ ದುಡ್ಡು ನುಂಗುತ್ತವೆ ಎಂದು ಚರ್ಚಿಸಿದರು. ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ಬೃಹತ್ ತಂತ್ರಾಂಶದ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್, ಆ ಅನುಭವದಿಂದ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು.

ಇದರ ಹಿಂದಿನ ಲೆಕ್ಕ ಸರಳ. ತಂಡದಲ್ಲಿ ಐವರಿದ್ದರೆ ಒಬ್ಬರು ಇನ್ನೊಬ್ಬರೊಡನೆ ಮಾತಾಡಿಕೊಳ್ಳಬೇಕಾದ ಜೋಡಿಗಳು 10. ಹತ್ತು ಜನರಾದರೆ 45. ಐವತ್ತು ಜನರಾದರೆ 1,225. ಜನ ಹತ್ತು ಪಟ್ಟಾದಾಗ ಮಾತು ನೂರು ಪಟ್ಟು ದಾಟುತ್ತದೆ. ಹೊಲದಲ್ಲಿ ಕಳೆ ತೆಗೆಯಲು ಇನ್ನೂ ನಾಲ್ಕಾಳು ಕರೆದರೆ ಕೆಲಸ ಬೇಗ ಮುಗಿಯುವುದು ನಿಜ, ಏಕೆಂದರೆ ಒಬ್ಬರ ಸಾಲಿಗೂ ಇನ್ನೊಬ್ಬರ ಸಾಲಿಗೂ ಸಂಬಂಧವಿಲ್ಲ. ತಂತ್ರಾಂಶದಲ್ಲಿ ಒಬ್ಬರು ಬರೆದ ಸಾಲನ್ನು ಮುಟ್ಟದೆ ಇನ್ನೊಬ್ಬರ ಸಾಲು ನಿಲ್ಲುವುದಿಲ್ಲ. ಯಾರಿಗೆ ಏನು ಗೊತ್ತಿರಬೇಕು, ಯಾವ ತೀರ್ಮಾನ ಯಾರ ಬಳಿ ನಿಂತಿದೆ, ಯಾವುದು ಮುಗಿಯದೆ ಮುಂದಿನದು ಶುರುವಾಗುವುದಿಲ್ಲ ಎಂಬುದನ್ನು ಯಾರಾದರೂ ಒಬ್ಬರು ದಿನವೂ ನೋಡಲೇಬೇಕು. ಆ ಒಬ್ಬರೇ ಪ್ರಾಜೆಕ್ಟ್ ಮ್ಯಾನೇಜರ್.

ಅವರ ಕೈಯಲ್ಲಿ ಇರುವುದು ಮೂರು: ಎಷ್ಟು ಕೆಲಸ, ಎಷ್ಟು ದಿನ, ಎಷ್ಟು ದುಡ್ಡು. ಒಂದನ್ನು ಎಳೆದರೆ ಉಳಿದೆರಡೂ ಜಗ್ಗುತ್ತವೆ. ಗ್ರಾಹಕರು ನಡುವೆ ‘ಇದನ್ನೂ ಸೇರಿಸಿ’ ಎನ್ನುತ್ತಾರೆ. ಮೇಲಧಿಕಾರಿಗಳು ‘ತಿಂಗಳು ಮೊದಲೇ ಕೊಡಿ’ ಎನ್ನುತ್ತಾರೆ. ಎರಡಕ್ಕೂ ಹೂಂ ಎನ್ನುವುದು ಸುಲಭ. ಯಾವುದನ್ನು ಈಗ ಬೇಡ ಎನ್ನಬೇಕೆಂದು ತಿಳಿದು, ಬೇಡ ಎಂದು ಹೇಳುವುದು ಈ ಹುದ್ದೆಯ ಕಷ್ಟದ ಭಾಗ.

ಭೂಮಿ: ಒಂದೊಂದೇ ತೀರ್ಮಾನ

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಭೂಮಿ ಯೋಜನೆಯ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಅವರ ಹುದ್ದೆಯ ಫಲಕದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂದು ಬರೆದಿರಲಿಲ್ಲ. ಮಾಡಿದ್ದು ಮಾತ್ರ ಅದೇ ಕೆಲಸ. ಕಂದಾಯ ಇಲಾಖೆ ಒಂದು ಕಡೆ, ಎನ್‌ಐಸಿಯ ಎಂಜಿನಿಯರುಗಳು ಇನ್ನೊಂದು ಕಡೆ, ದತ್ತಾಂಶ ಟೈಪು ಮಾಡುವ ಖಾಸಗಿ ಸಂಸ್ಥೆಗಳು ಮತ್ತೊಂದು ಕಡೆ, ಇವರೆಲ್ಲರ ಆಚೆ ಕೌಂಟರಿನ ಮುಂದೆ ನಿಲ್ಲುವ ರೈತ. ಎಲ್ಲರ ಮಾತೂ ಬಂದು ಸೇರುವ ಜಾಗದಲ್ಲಿ ಅವರು ಕೂತರು, ಕೆಲಸ ಬಳಕೆಗೆ ಬಂದು ನೆಲೆಯಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ಮೊದಲ ತೀರ್ಮಾನ ಜಾಗದ್ದು. ಕಂಪ್ಯೂಟರ್ ಇರಬೇಕಾದದ್ದು ಪಹಣಿ ಬದಲಾಗುವ ಜಾಗದಲ್ಲಿ. ಹೀಗಾಗಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಸ್ವಂತ ಕಂಪ್ಯೂಟರು, ಸ್ವಂತ ದತ್ತಾಂಶ, ಸ್ವಂತ ಕೌಂಟರು. ಕುಷ್ಟಗಿಯ ಪಹಣಿ ಕುಷ್ಟಗಿಯಲ್ಲೇ ಇತ್ತು. ಊರಿಂದ ಊರಿಗೆ ನೆಚ್ಚಬಹುದಾದ ಇಂಟರ್‌ನೆಟ್ ಇಲ್ಲದ ದಿನಗಳಲ್ಲಿ ಇದು ಕೆಲಸ ನಡೆಯುವಂತೆ ಮಾಡಿತು. ಎಲ್ಲವನ್ನೂ ಬೆಂಗಳೂರಿನ ಒಂದೇ ಜಾಗದಲ್ಲಿ ಇಡುವ ಏರ್ಪಾಡು ಮುಂದೆ, ಸಂಪರ್ಕ ಸುಧಾರಿಸಿದ ಮೇಲೆ ಬಂತು.

ಎರಡನೆಯದು ಕೆಲಸದ ಗಡಿಯದು. ಜಮೀನಿನ ವ್ಯವಹಾರವೆಂದರೆ ಪಹಣಿ ಮಾತ್ರವಲ್ಲ. ಸರ್ವೇ ನಕ್ಷೆ ಇದೆ, ಹದ್ದುಬಸ್ತಿದೆ, ಪೋಡಿ ಇದೆ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಇದೆ. ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಕೆಂಬ ಆಸೆ ಯಾರಿಗಾದರೂ ಬರುತ್ತದೆ. ಭೂಮಿ ತೆಗೆದುಕೊಂಡದ್ದು ಎರಡನ್ನು: ಪಹಣಿ ಕೊಡುವುದು, ಖಾತೆ ಬದಲಾವಣೆ ಮಾಡುವುದು. ನೋಂದಣಿಗೆ ‘ಕಾವೇರಿ’, ಸರ್ವೇ ಕೆಲಸಕ್ಕೆ ‘ಮೋಜಿಣಿ’ ಬೇರೆ ಬೇರೆ ತಂತ್ರಾಂಶಗಳಾಗಿ ಬಂದವು, ಆಮೇಲೆ ಒಂದಕ್ಕೊಂದು ಬೆಸೆದುಕೊಂಡವು. ಮೊದಲ ದಿನವೇ ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡಿದ್ದರೆ ಯಲಬುರ್ಗಾದ ಕೌಂಟರ್ ಅಷ್ಟು ಬೇಗ ತೆರೆಯುತ್ತಿರಲಿಲ್ಲ.

ಮೂರನೆಯದು ಜನರದು. ಗ್ರಾಮ ಲೆಕ್ಕಿಗರ ಅಧಿಕಾರದ ಬೇರು ಇದ್ದದ್ದೇ ಆ ವಹಿಯಲ್ಲಿ. ಅದನ್ನು ಕಿತ್ತುಕೊಳ್ಳುವ ಯಂತ್ರವನ್ನು ಅವರು ಏಕೆ ಒಪ್ಪಬೇಕು? ಹೊರಗಿನಿಂದ ಆಪರೇಟರುಗಳನ್ನು ತಂದು ಕೂರಿಸಿದ್ದರೆ ಲೆಕ್ಕಿಗರು ಎದುರಾಳಿಗಳಾಗುತ್ತಿದ್ದರು. ಭೂಮಿ ಲೆಕ್ಕಿಗರ ನಡುವಿನಿಂದಲೇ ಜನರನ್ನು ಆರಿಸಿ, ತರಬೇತಿ ಕೊಟ್ಟು ಕೌಂಟರಿನಲ್ಲಿ ಕೂರಿಸಿತು. ಜಿಲ್ಲಾಧಿಕಾರಿಗಳಿಂದ ಹಿಡಿದು ಶಿರಸ್ತೇದಾರರವರೆಗೆ ರಾಜ್ಯಮಟ್ಟದಲ್ಲೂ ವಿಭಾಗ ಮಟ್ಟದಲ್ಲೂ ಕಾರ್ಯಾಗಾರಗಳು ನಡೆದವು. ಟೈಪಾದ ಪಹಣಿಯನ್ನು ವಹಿಯೊಡನೆ ಹೋಲಿಸಿ ನೋಡಿ ಸರಿ ಎನ್ನಬೇಕಾದವರೂ ಲೆಕ್ಕಿಗರೇ. ಹಳೆಯ ವಹಿಗಳಲ್ಲಿ ಎಕರೆ–ಗುಂಟೆಯ ಲೆಕ್ಕ ಕೂಡುತ್ತಿರಲಿಲ್ಲ. ಒಂದೇ ಸರ್ವೇ ನಂಬರಿನ ಹಿಸ್ಸೆಗಳನ್ನು ಕೂಡಿದರೆ ಮೂಲ ವಿಸ್ತೀರ್ಣಕ್ಕಿಂತ ಹೆಚ್ಚೋ ಕಡಿಮೆಯೋ ಬರುತ್ತಿತ್ತು. ಇಂಥ ಗಂಟುಗಳನ್ನು ಬಿಡಿಸಲು ಹಳ್ಳಿಯ ಹೊಲ ಬಲ್ಲವರೇ ಬೇಕು. ಬೆಂಗಳೂರಿನ ಎಂಜಿನಿಯರ್ ಎಷ್ಟೇ ಜಾಣನಾದರೂ ಅದು ಅವನಿಂದ ಆಗದ ಮಾತು.

ನಾಲ್ಕನೆಯದು ಎಲ್ಲಕ್ಕಿಂತ ಧೈರ್ಯದ್ದು. ಭೂಮಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಸರ್ಕಾರ ಆದೇಶ ಹೊರಡಿಸಿತು. ಹಳೆಯದೂ ಹೊಸದೂ ಒಟ್ಟಿಗೆ ನಡೆದರೆ ಜನ ಹಳೆಯದರ ಕಡೆಗೇ ವಾಲುತ್ತಾರೆ ಎಂಬುದು ಮೊದಲ ಯತ್ನದ ಪಾಠ. ಹಳೆಯ ಬಾಗಿಲು ಮುಚ್ಚುವ ದಿನವನ್ನು ಗೊತ್ತು ಮಾಡುವುದು ಯಾವುದೇ ತಂತ್ರಾಂಶ ಯೋಜನೆಯಲ್ಲಿ ನಡುಕ ಹುಟ್ಟಿಸುವ ಗಳಿಗೆ. ದತ್ತಾಂಶ ಸರಿ ಇದೆಯೆಂಬ ಭರವಸೆ ಇಲ್ಲದೆ ಮುಚ್ಚಿದರೆ ಬಿತ್ತನೆ ಹೊತ್ತಿಗೆ ಸಾವಿರಾರು ರೈತರು ಸಾಲವಿಲ್ಲದೆ ಕೂರುತ್ತಾರೆ. ಮುಚ್ಚದೆ ಎಳೆದಾಡಿದರೆ ಹೊಸದು ಸಾಯುತ್ತದೆ. ಮೊದಲು ಕೆಲವು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, ಆಮೇಲೆ ಉಳಿದ ಕಡೆ ಹರಡಿದ್ದರಿಂದ ಈ ಹೆಜ್ಜೆ ಇಡಲು ಸಾಧ್ಯವಾಯಿತು.

ಐದನೆಯದು ನಂಬಿಕೆಯದು. ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇಟ್ಟರು. ಒಳಗೆ ಏನು ಟೈಪಾಗುತ್ತಿದೆಯೋ ಅದು ಹೊರಗೂ ಕಾಣುತ್ತಿತ್ತು. ತಂತ್ರಾಂಶದೊಳಗೆ ಹೋಗಲು ಪಾಸ್‌ವರ್ಡ್ ಸಾಲದು, ಬೆರಳಚ್ಚು ಬೇಕು. ನಾಳೆ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ನೋಟಿಸು ಹೊರಡಬೇಕು, ತಕರಾರಿಗೆ ಆಗ 30 ದಿನ ಬಿಡಬೇಕಿತ್ತು, ಆಮೇಲೆ ಕಂದಾಯ ನಿರೀಕ್ಷಕರ ಆದೇಶ. ಕಾಯ್ದೆ ಮೊದಲೇ ಇತ್ತು. ಅದನ್ನು ತಪ್ಪಿಸಿಕೊಳ್ಳಲಾಗದ ಹಾಗೆ ತಂತ್ರಾಂಶದ ನಡೆಯೊಳಗೆ ಹೆಣೆದದ್ದು ಹೊಸದು.

ಗಂಗಾವತಿ ಸೀಮೆಯವರಿಗೆ ಈ ಕೆಲಸವನ್ನು ಒಂದೇ ಮಾತಿನಲ್ಲಿ ತಿಳಿಸಬಹುದು: ಇದು ನೀರಗಂಟಿಯ ಕೆಲಸ. ಅವನು ಕಾಲುವೆ ಕಟ್ಟಿದವನಲ್ಲ, ಬೆಳೆ ಬೆಳೆಯುವವನೂ ಅಲ್ಲ. ಯಾವ ತೂಬು ಯಾವಾಗ ಎಷ್ಟು ಎತ್ತಬೇಕು, ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂದು ಕಾಲುವೆಗುಂಟ ನಡೆದು ನೋಡುವವನು.

ಫಲ ಮತ್ತು ಉಳಿದ ನೋವು

ಫಲ ಅಳತೆಗೆ ಸಿಕ್ಕಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಭೂಮಿ ಕೌಂಟರುಗಳ ಬಗ್ಗೆ ಜನರ ಅಭಿಪ್ರಾಯ ಸಂಗ್ರಹಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೇವೆ ಎಂದವರು ಸುಮಾರು ಮೂರರಲ್ಲಿ ಇಬ್ಬರು. ಕೌಂಟರಿನಲ್ಲಿ ಹಾಗೆ ಕೊಡಬೇಕಾಯಿತು ಎಂದವರು ಶೇ 3ರಷ್ಟು. ಅದೇ ವರ್ಷ ಕಾಮನ್‌ವೆಲ್ತ್ ದೇಶಗಳ ಆಡಳಿತ ಸಂಘಟನೆ ಕ್ಯಾಪಾಮ್ ಭೂಮಿಗೆ ಬೆಳ್ಳಿ ಪ್ರಶಸ್ತಿ ಕೊಟ್ಟಿತು. ಬೇರೆ ರಾಜ್ಯಗಳು ಬಂದು ನೋಡಿ ಹೋದವು.

ಟೀಕೆಯೂ ಬಂತು, ಅದು ಕೇಳಬೇಕಾದ ಟೀಕೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಬೆಂಗಳೂರು ಸೀಮೆಯ ಅನುಭವ ಇಟ್ಟುಕೊಂಡು ಭೂಮಿಯ ಇನ್ನೊಂದು ಮುಖ ತೋರಿಸಿತು. ದಾಖಲೆಗಳೆಲ್ಲ ಒಂದೆಡೆ ಸ್ಪಷ್ಟವಾಗಿ ಕಾಣತೊಡಗಿದಾಗ ಅದರ ಲಾಭ ಹೆಚ್ಚು ಸಿಕ್ಕಿದ್ದು ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಎಂದೂ, ಹಳ್ಳಿ ಮಟ್ಟದಲ್ಲಿ ಮಾತುಕತೆಯಿಂದ ಬಗೆಹರಿಯುತ್ತಿದ್ದ ಸಣ್ಣ ಹಿಡುವಳಿದಾರರ ಹಕ್ಕುಗಳು ಬಲ ಕಳೆದುಕೊಂಡವು ಎಂದೂ ಅವರು ವಾದಿಸಿದರು. ಪಹಣಿ ಕೈಗೆ ಬರುವ ಕೌಂಟರಿನಲ್ಲಿ ಲಂಚ ಇಳಿದರೂ ಖಾತೆ ಬದಲಾವಣೆಯ ದಾರಿಯಲ್ಲಿ ಮಧ್ಯವರ್ತಿಗಳಿಗೆ ಜಾಗ ಉಳಿದೇ ಇತ್ತು.

ಕೊಪ್ಪಳದ ನೆಲದ ಮೇಲೆ ನಿಂತು ನೋಡಿದರೆ ಈ ಟೀಕೆಯ ತೂಕ ಗೊತ್ತಾಗುತ್ತದೆ. ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದ ಕಾಗದಗಳು, ಜಾಗೀರಿನ ಹಳ್ಳಿಗಳು, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿ ಹೊಲ ಕೊಂಡವರು, ಮುಳುಗಡೆಯಿಂದ ಎದ್ದು ಬಂದವರು, ಈಗ ಒಣಭೂಮಿಯನ್ನು ಗುತ್ತಿಗೆಗೆ ಕೇಳುವ ಗಾಳಿವಿದ್ಯುತ್ ಕಂಪನಿಗಳು. ಉಳುವವರು ಒಬ್ಬರು, ಪಹಣಿಯ ಹೆಸರು ಇನ್ನೊಬ್ಬರದು, ಅದೂ ತೀರಿಹೋದ ಅಜ್ಜನದು ಆಗಿರುವ ಹೊಲಗಳು ಇಲ್ಲಿ ಅಪರೂಪವಲ್ಲ. ಹೆಣ್ಣುಮಕ್ಕಳ ಹೆಸರು ವಾರಸಾದಲ್ಲಿ ಬಿಟ್ಟುಹೋಗಿದ್ದರೆ ಮುದ್ರಿತ ಪಹಣಿಯಲ್ಲೂ ಬಿಟ್ಟೇ ಹೋಗಿರುತ್ತದೆ. ತಂತ್ರಾಂಶ ತನ್ನೊಳಗೆ ಹಾಕಿದ್ದನ್ನು ಚೊಕ್ಕವಾಗಿ ಮುದ್ರಿಸುತ್ತದೆ, ಹಾಕುವಾಗಿನ ಅನ್ಯಾಯವನ್ನೂ ಅಷ್ಟೇ ಚೊಕ್ಕವಾಗಿ ಮುದ್ರಿಸುತ್ತದೆ. ಯೋಜನೆ ನಡೆಸುವವರು ಕೆಲಸದ ಗಡಿ ಎಳೆದಾಗ ಯಾರು ಆ ಗಡಿಯ ಆಚೆ ಉಳಿದರು ಎಂದು ಪಟ್ಟಿ ಮಾಡಿಡಬೇಕು. ಮುಂದಿನ ಹಂತ ಆ ಪಟ್ಟಿಯಿಂದಲೇ ಶುರುವಾಗಬೇಕು.

ಒಡೆಯನಿಲ್ಲದ ಯೋಜನೆಗಳು

ಭೂಮಿ ಕೌಂಟರುಗಳು ತೆರೆಯುತ್ತಿದ್ದ ಕಾಲದಲ್ಲೇ, 2001ರ ಫೆಬ್ರುವರಿಯಲ್ಲಿ, ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆಯನ್ನು ಹೊರತಂದರು. ವರ್ಷಗಟ್ಟಲೆ ಯೋಜನೆ ಹಾಕಿ ಕೊನೆಗೊಮ್ಮೆ ಒಪ್ಪಿಸುವ ಬದಲು ಸಣ್ಣ ಸಣ್ಣ ಭಾಗಗಳನ್ನು ಬೇಗ ಕೊಟ್ಟು, ಬಳಸುವವರ ಮಾತು ಕೇಳಿ ತಿದ್ದುತ್ತಾ ಹೋಗಿ ಎಂಬುದು ಅದರ ತಿರುಳು. ಇದರ ಒಂದು ರೂಪವಾದ ‘ಸ್ಕ್ರಮ್’ ಪದ್ಧತಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹುದ್ದೆಯೇ ಇಲ್ಲ. ಏನು ಬೇಕೆಂದು ನಿರ್ಧರಿಸುವ ಪ್ರಾಡಕ್ಟ್ ಓನರ್, ತಂಡದ ಅಡಚಣೆ ನಿವಾರಿಸುವ ಸ್ಕ್ರಮ್ ಮಾಸ್ಟರ್, ಕಟ್ಟುವ ಡೆವಲಪರ್‌ಗಳು, ಇಷ್ಟೇ. ಇದನ್ನು ನೋಡಿ ಪ್ರಾಜೆಕ್ಟ್ ಮ್ಯಾನೇಜರುಗಳ ಕಾಲ ಮುಗಿಯಿತು ಎಂದವರುಂಟು. ಹುದ್ದೆಯ ಹೆಸರು ಹೋಗಬಹುದು. ಹತ್ತಾರು ತಂಡ, ಹಲವು ಕಂಪನಿ, ಒಂದು ಸರ್ಕಾರ ಸೇರುವ ಕಡೆ ಆ ಕೆಲಸವನ್ನು ಬಿಟ್ಟು ನಡೆಯುವುದಿಲ್ಲ.

ಅಮೆರಿಕವೇ ಅದಕ್ಕೆ ಸಾಕ್ಷಿಯಾಯಿತು. ಆರೋಗ್ಯ ವಿಮೆ ಕೊಳ್ಳಲು ಅಲ್ಲಿನ ಸರ್ಕಾರ ಕಟ್ಟಿಸಿದ ಹೆಲ್ತ್‌ಕೇರ್ ಡಾಟ್ ಗೌ ತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಾಂತರ ಜನ ಬಂದರು. ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಆದದ್ದು ಆರು ಮಂದಿಗೆ. ಹಲವಾರು ಗುತ್ತಿಗೆ ಕಂಪನಿಗಳು ಒಂದೊಂದು ತುಂಡು ಕಟ್ಟಿದ್ದವು, ಒಟ್ಟಿನ ಹೊಣೆ ಯಾರದೆಂಬುದು ಸ್ಪಷ್ಟವಿರಲಿಲ್ಲ. ರಿಪೇರಿಗೆ ಜೆಫ್ ಜೈಂಟ್ಸ್ ಎಂಬ ಆಡಳಿತ ತಜ್ಞರನ್ನು ಕರೆತಂದಾಗ ಮೊದಮೊದಲು ಆದ ಕೆಲಸಗಳಲ್ಲಿ ಒಂದು, ಒಂದೇ ಕಂಪನಿಗೆ ಸಮಗ್ರ ಹೊಣೆ ವಹಿಸಿದ್ದು. ದಿನವೂ ಸಭೆ ಸೇರಿ ಯಾವ ತೊಂದರೆ ಮೊದಲು, ಯಾವುದು ಆಮೇಲೆ ಎಂದು ಒಂದೇ ಪಟ್ಟಿ ಮಾಡಿ ಬಿಡಿಸುತ್ತಾ ಹೋದರು. ಎರಡು ತಿಂಗಳಲ್ಲಿ ತಾಣ ಹೆಚ್ಚಿನವರಿಗೆ ಕೆಲಸ ಮಾಡತೊಡಗಿತು. ಸ್ಪಷ್ಟ ನಾಯಕತ್ವ ಇರಲಿಲ್ಲವೆಂಬುದೇ ಸೋಲಿನ ಮುಖ್ಯ ಕಾರಣವೆಂದು ಅಲ್ಲಿನ ಆರೋಗ್ಯ ಇಲಾಖೆಯ ತನಿಖಾ ವರದಿ 2016ರಲ್ಲಿ ಹೇಳಿತು.

ಇನ್ನೊಂದು ಸಾಕ್ಷಿ ನಮ್ಮ ಹಳ್ಳಿಗಳಲ್ಲೇ ಇದೆ. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು, 2025ರ ಫೆಬ್ರುವರಿಯಲ್ಲಿ ಮತ್ತೆ ಹೂಡಿದರು. ಬೇಡಿಕೆಗಳ ಪಟ್ಟಿಯಲ್ಲಿ ಎದ್ದು ಕಂಡದ್ದು ಆ್ಯಪ್‌ಗಳ ಹೊರೆ. ಸರ್ಕಾರಿ ಜಮೀನಿನ ಗಸ್ತಿಗೆ ಒಂದು, ಪಹಣಿಗೆ ಆಧಾರ್ ಜೋಡಿಸಲು ಒಂದು, ಬಗರ್ ಹುಕುಂಗೆ ಒಂದು, ಹಕ್ಕುಪತ್ರಕ್ಕೆ ಇನ್ನೊಂದು, ಹೀಗೆ ಹತ್ತಾರು ತಂತ್ರಾಂಶಗಳು ಒಬ್ಬರ ಫೋನಿಗೆ ಬಂದು ಬಿದ್ದಿವೆ. ಒಳ್ಳೆಯ ಮೊಬೈಲ್, ಲ್ಯಾಪ್‌ಟಾಪ್, ಇಂಟರ್‌ನೆಟ್ ಮೊದಲು ಕೊಡಿ ಎಂದು ಅವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಆ ಆ್ಯಪ್‌ಗಳನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದರ ಉದ್ದೇಶವೂ ಒಳ್ಳೆಯದು. ಒಂದೊಂದಕ್ಕೂ ಅದರದೇ ತಂಡ, ಅದರದೇ ಗಡುವು, ಅದರದೇ ಡ್ಯಾಶ್‌ಬೋರ್ಡ್ ಇದೆ. ಎಲ್ಲವೂ ಒಟ್ಟಿಗೆ ಬಂದು ಬೀಳುವ ಆ ಒಬ್ಬ ಅಧಿಕಾರಿಯ ಒಂದು ದಿನದಲ್ಲಿ ಎಷ್ಟು ಗಂಟೆ ಇದೆ ಎಂದು ಲೆಕ್ಕ ಹಾಕುವವರು ಇಲ್ಲ. ಬ್ರೂಕ್ಸ್ ಹೇಳಿದ ಲೆಕ್ಕ ಇಲ್ಲಿ ಕೋಡ್ ಬರೆಯುವವರ ಕಡೆಯಿಂದ ಬಳಸುವವರ ಕಡೆಗೆ ತಿರುಗಿದೆ.

ತಾಲ್ಲೂಕುಗಳೇ ಬದಲಾಗಿರುವುದನ್ನೂ ಗಮನಿಸಬೇಕು. ನಾಲ್ಕಿದ್ದ ಕೊಪ್ಪಳ ಜಿಲ್ಲೆಯಲ್ಲಿ ಈಗ ಏಳು: ಗಂಗಾವತಿಯ ಮಗ್ಗುಲಲ್ಲಿ ಕಾರಟಗಿ, ಕನಕಗಿರಿ, ಯಲಬುರ್ಗಾದ ಮಗ್ಗುಲಲ್ಲಿ ಕುಕನೂರು. ನಕ್ಷೆಯಲ್ಲಿ ಗೆರೆ ಎಳೆಯುವುದು ಒಂದು ಆದೇಶದ ಕೆಲಸ. ದತ್ತಾಂಶದಲ್ಲಿ ಅದೇ ಗೆರೆ ಎಳೆಯಬೇಕಾದರೆ ಪ್ರತಿ ಹಳ್ಳಿಯ ಸಂಕೇತ ಬದಲಾಗಬೇಕು, ಬಾಕಿ ಇರುವ ಅರ್ಜಿಗಳು ಹೊಸ ಕಚೇರಿಗೆ ಸರಿಯಬೇಕು, ಬ್ಯಾಂಕು, ವಿಮೆ, ನೋಂದಣಿ ತಂತ್ರಾಂಶಗಳಿಗೂ ಹೊಸ ತಾಲ್ಲೂಕಿನ ಹೆಸರು ಗೊತ್ತಾಗಬೇಕು. ಒಂದು ಕಡೆ ಬಿಟ್ಟುಹೋದರೂ ರೈತ ಹಳೆಯ ತಾಲ್ಲೂಕಿಗೂ ಹೊಸ ತಾಲ್ಲೂಕಿಗೂ ನಡುವೆ ಓಡಾಡುತ್ತಾನೆ. ಇಂಥ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು ಒಂದೊಂದಕ್ಕೂ ಒಬ್ಬರ ಹೆಸರು, ಒಂದು ದಿನಾಂಕ ಹಾಕುವುದು ಪ್ರಾಜೆಕ್ಟ್ ಮ್ಯಾನೇಜರ್ ದಿನವೂ ಮಾಡುವ, ಯಾರೂ ಹೊಗಳದ ಕೆಲಸ.

ಈಗ ಆಗಬೇಕಾದ್ದು

ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಅಲ್ಲೇ ಕೊಪ್ಪಳ ವಿಶ್ವವಿದ್ಯಾಲಯವೂ ಬಂದಿದೆ. ಅಲ್ಲಿ ಓದುವ ಮಕ್ಕಳ ಮನೆಯಲ್ಲೇ ಪಹಣಿ ಇದೆ, ಬೋಜಾ ಇದೆ, ಆಗದೆ ಉಳಿದ ವಾರಸಾ ಇದೆ. ಕೋಡ್ ಬರೆಯುವುದನ್ನು ಅವರು ಹೇಗೂ ಕಲಿಯುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ನಾಡಕಚೇರಿಯಲ್ಲಿ ಕೂತು, ಅರ್ಜಿ ಒಳಗೆ ಬಂದಲ್ಲಿಂದ ಆದೇಶ ಹೊರಗೆ ಹೋಗುವವರೆಗೆ ಎಲ್ಲಿ ಎಷ್ಟು ದಿನ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂದು ಬರೆದು ತಂದರೆ, ಬೆಂಗಳೂರಿನ ಯಾವುದೇ ಕಂಪನಿ ಕಲಿಸಲಾಗದ್ದನ್ನು ಕಲಿತಂತಾಗುತ್ತದೆ. ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರಿಗೆ ಬೇಕಾದ ಕಣ್ಣು ಅಲ್ಲಿ ತೆರೆಯುತ್ತದೆ: ಕೌಂಟರಿನ ಎರಡೂ ಬದಿಯ ಮನುಷ್ಯರನ್ನು ನೋಡುವ ಕಣ್ಣು.

ಸರ್ಕಾರದ ಕಡೆಯಿಂದ ಆಗಬೇಕಾದ ಕೆಲಸಗಳೂ ದೊಡ್ಡ ಖರ್ಚಿನವಲ್ಲ. ಹೊಸ ಆ್ಯಪ್ ಹಳ್ಳಿಗೆ ಇಳಿಯುವ ಮುನ್ನ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಹೋಬಳಿಯಲ್ಲಿ, ಬೆಳೆಸಾಲದ ನೂಕುನುಗ್ಗಲಿನ ಜೂನ್ ತಿಂಗಳಲ್ಲಿ, ಅಲ್ಲಿನ ಸಿಗ್ನಲ್ಲಿನಲ್ಲೇ ಅದನ್ನು ಓಡಿಸಿ ನೋಡಬೇಕು. ಹೊಸದೊಂದು ಬಂದರೆ ಹಳೆಯದು ಯಾವುದು, ಯಾವ ದಿನ ನಿಲ್ಲುತ್ತದೆ ಎಂದು ಅದೇ ಆದೇಶದಲ್ಲಿ ಹೇಳಬೇಕು. ಗ್ರಾಮ ಆಡಳಿತ ಅಧಿಕಾರಿಗಳ ಪ್ರತಿನಿಧಿಗಳು ತಂತ್ರಾಂಶ ಕಟ್ಟುವ ತಂಡದ ಸಭೆಯಲ್ಲಿ ಮೊದಲ ದಿನದಿಂದ ಕೂರಬೇಕು. ಒಂದು ಇಲಾಖೆಯ ಎಲ್ಲ ಆ್ಯಪ್‌ಗಳ ಒಟ್ಟು ಹೊರೆಯನ್ನು ಅಳೆಯುವ, ‘ಇದು ಈಗ ಬೇಡ’ ಎಂದು ಹೇಳುವ ಅಧಿಕಾರವುಳ್ಳ ಒಬ್ಬರನ್ನು ನೇಮಿಸಿ, ಯೋಜನೆ ಬಳಕೆಗೆ ಬಂದು ಕನಿಷ್ಠ ಒಂದು ವರ್ಷವಾಗುವವರೆಗೆ ಅವರನ್ನು ವರ್ಗ ಮಾಡಬಾರದು.

ಇದನ್ನು ಕಲಿಯಲು ಕಂದಾಯ ಇಲಾಖೆ ದೂರ ಹೋಗಬೇಕಿಲ್ಲ. ಭೂಮಿಯ ಕಾಲದಲ್ಲಿ ಕೌಂಟರಿನಲ್ಲಿ ಕೂತಿದ್ದ ಯುವ ಲೆಕ್ಕಿಗರಲ್ಲಿ ಹಲವರು ಇಂದು ಬಡ್ತಿ ಪಡೆದು ಹಿರಿಯ ಹುದ್ದೆಗಳಲ್ಲಿದ್ದಾರೆ, ಕೆಲವರು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಯಾವ ವಹಿಯಲ್ಲಿ ಲೆಕ್ಕ ಕೂಡಲಿಲ್ಲ, ಯಾವ ನೋಟಿಸು ಮನೆ ಮುಟ್ಟಲಿಲ್ಲ, ಯಾವ ಊರಿನವರು ಕೌಂಟರಿಗೆ ಬರಲೇ ಇಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಮುಂದಿನ ತಂತ್ರಾಂಶದ ಟೆಂಡರ್ ಬರೆಯುವ ಮೊದಲು ಏಳೂ ತಾಲ್ಲೂಕುಗಳಿಂದ ಅಂಥವರನ್ನು ಒಂದು ವಾರ ಕರೆದು ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲು ಇನ್ನೂ ಸಮಯವಿದೆ.